ಪಕ್ಕದ ಆಸ್ಪತ್ರೆಯ ರೆಸಿಡೆಂಟೂ ನಮ್ಮವರೇ

ಅಮೆರಿಕದ ಚಿಕ್ಕ ಪಟ್ಟಣವೊಂದರ ಆಸ್ಪತ್ರೆಗೆ ತಡರಾತ್ರಿ ಉಬ್ಬಸದ ಮಗು ಬಂತೆಂದರೆ ಮುಂದೇನಾಗುತ್ತದೆ ಎಂಬುದನ್ನು ಈಗ ಬಹುಮಟ್ಟಿಗೆ ಮೊದಲೇ ಹೇಳಿಬಿಡಬಹುದು. ಎಮರ್ಜೆನ್ಸಿಯಲ್ಲಿ ಶ್ವಾಸನಾಳ ಸಡಿಲಿಸುವ ಅಲ್ಬುಟೆರಾಲ್ ಕೊಡುತ್ತಾರೆ, ಸ್ಟೀರಾಯ್ಡ್ ಕೊಡುತ್ತಾರೆ, ಒಂದೆರಡು ಗಂಟೆ ಕಾದು ನೋಡುತ್ತಾರೆ. ಉಸಿರಾಟ ಸುಧಾರಿಸದಿದ್ದರೆ ದೊಡ್ಡ ಊರಿನ ಮಕ್ಕಳ ಆಸ್ಪತ್ರೆಗೆ ಫೋನ್ ಹೋಗುತ್ತದೆ, ಟ್ರಾನ್ಸ್‌ಪೋರ್ಟ್ ತಂಡ ಬರುತ್ತದೆ, ಮಗು ಹೊರಡುತ್ತದೆ. ಒಂದು ಕಾಲದಲ್ಲಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಕ್ಕಳ ವಾರ್ಡ್ ಇರುತ್ತಿತ್ತು. 2008ರಿಂದ 2018ರ ನಡುವೆ ಅಮೆರಿಕದಲ್ಲಿ ಮಕ್ಕಳ ಒಳರೋಗಿ ಘಟಕಗಳು ಸುಮಾರು 19%ರಷ್ಟು ಕಡಿಮೆಯಾದವು, ಹಾಸಿಗೆಗಳು ಸುಮಾರು 12%. ಮಕ್ಕಳ ಹಾಸಿಗೆ ಚಳಿಗಾಲದಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಖಾಲಿ ಬೀಳುತ್ತದೆ; ದೊಡ್ಡವರ ಹಾಸಿಗೆ ವರ್ಷವಿಡೀ ತುಂಬಿರುತ್ತದೆ, ಆದಾಯವೂ ಹೆಚ್ಚು. ಲೆಕ್ಕ ನೋಡುವವರು ಯಾವುದನ್ನು ಮುಚ್ಚುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಮಗು ಹೋಯಿತು. ಆ ಮಗುವಿಗೆ ಮೊದಲ ಡೋಸ್ ಬರೆದ, ಎದೆಗೆ ಸ್ಟೆತಸ್ಕೋಪ್ ಇಟ್ಟು ಗಾಳಿ ಎಷ್ಟು ಹೋಗುತ್ತಿದೆ ಎಂದು ಆಲಿಸಿದ, ತಾಯಿಗೆ ಧೈರ್ಯ ಹೇಳಿದ ರೆಸಿಡೆಂಟ್, ಅಂದರೆ ತರಬೇತಿಯಲ್ಲಿರುವ ವೈದ್ಯರು, ಮಾತ್ರ ಅಲ್ಲೇ ಉಳಿದರು. ಮುಂದೇನಾಯಿತು ಎಂಬುದು ಅವರಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಬೆಳಗಿನ ಜಾವ ಮಗು ವೆಂಟಿಲೇಟರ್ ಮೇಲೆ ಹೋಯಿತೋ, ಮ್ಯಾಗ್ನೀಸಿಯಂ ಕೊಟ್ಟ ಮೇಲೆ ಚೇತರಿಸಿಕೊಂಡು ಮೂರನೆಯ ದಿನ ಮನೆಗೆ ಹೋಯಿತೋ? ಅತ್ತ ದೊಡ್ಡ ಆಸ್ಪತ್ರೆಯ ರೆಸಿಡೆಂಟ್ ಕಲಿಕೆಯಲ್ಲಿ ಕೊರತೆ ಬೇರೆ ತರಹದ್ದು. ಅವರ ಕೈಗೆ ಮಗು ಬರುವಷ್ಟರಲ್ಲಿ ಐವಿ ಹಾಕಿಯಾಗಿದೆ, ಎಕ್ಸ್‌ರೇ ಆಗಿದೆ, ಕಾಯಿಲೆಯ ಹೆಸರು ಕಾಗದದಲ್ಲಿ ಬರೆದಿದೆ. ಯಾವ ಹೆಸರೂ ಇಲ್ಲದ, ಸುಮ್ಮನೆ ಸಪ್ಪಗಿರುವ ಮಗುವನ್ನು ಮೊದಲ ಬಾರಿ ನೋಡಿ "ಇದು ಕಾಯುವ ಕೇಸಲ್ಲ" ಎಂದು ಗುರುತಿಸುವ ಅಭ್ಯಾಸ ಅವರಿಗೆ ಸಿಗುವುದು ಕಡಿಮೆ.

ನಾನು ಅಮೆರಿಕದ ಒಂದು ಮಧ್ಯಮ ಗಾತ್ರದ ಪೀಡಿಯಾಟ್ರಿಕ್ ರೆಸಿಡೆನ್ಸಿಯಲ್ಲಿ ಅಸೋಸಿಯೇಟ್ ಪ್ರೋಗ್ರಾಂ ಡೈರೆಕ್ಟರ್. ವೈದ್ಯಕೀಯ ಪದವಿ ಮುಗಿಸಿದವರನ್ನು ಮೂರು ವರ್ಷದಲ್ಲಿ ಮಕ್ಕಳ ವೈದ್ಯರನ್ನಾಗಿ ತಯಾರು ಮಾಡುವ ಕೆಲಸ. ಈ ದೇಶದಲ್ಲಿ ಇಂಥ ಪ್ರೋಗ್ರಾಂಗಳು 200ಕ್ಕೂ ಹೆಚ್ಚಿವೆ. ಇಷ್ಟು ವರ್ಷ ಈ ಕೆಲಸದಲ್ಲಿದ್ದು ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ: ಮಕ್ಕಳು ಇಡೀ ಪ್ರದೇಶವನ್ನೇ ಒಂದು ಆಸ್ಪತ್ರೆಯಾಗಿ ಬಳಸುತ್ತಿದ್ದಾರೆ, ನಾವು ಮಾತ್ರ ಅವರ ವೈದ್ಯರನ್ನು ನಮ್ಮ ನಮ್ಮ ಕಾಂಪೌಂಡಿನೊಳಗೇ ಕಲಿಸುತ್ತಿದ್ದೇವೆ. ಅಕ್ಕಪಕ್ಕದ ಡೈರೆಕ್ಟರ್‌ಗಳು ಕೂಡಿ ಕೆಲಸ ಮಾಡದೆ ಈ ಅಂತರ ಮುಚ್ಚುವುದಿಲ್ಲ.

ಕೂಡಿ ಕೆಲಸ ಮಾಡುವುದು ಏಕೆ ಕಷ್ಟ ಎಂದು ತಿಳಿಯಬೇಕಾದರೆ ರೆಸಿಡೆನ್ಸಿ ಸ್ಥಾನಗಳನ್ನು ಹಂಚುವ ಮ್ಯಾಚ್ ಬಗ್ಗೆ ಹೇಳಬೇಕು. 1952ರಿಂದ ನಡೆದುಬಂದಿರುವ ವ್ಯವಸ್ಥೆ ಇದು. ಸಂದರ್ಶನಗಳೆಲ್ಲ ಮುಗಿದ ಮೇಲೆ ಅಭ್ಯರ್ಥಿಗಳು ತಮಗೆ ಬೇಕಾದ ಪ್ರೋಗ್ರಾಂಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾರೆ, ಪ್ರೋಗ್ರಾಂಗಳು ಅಭ್ಯರ್ಥಿಗಳನ್ನು ಹಾಗೆಯೇ ಬರೆದು ಕೊಡುತ್ತವೆ, ಕಂಪ್ಯೂಟರ್ ಜೋಡಿಸುತ್ತದೆ. ಈಗ ಬಳಸುವ ಕ್ರಮವನ್ನು 1990ರ ದಶಕದ ಕೊನೆಯಲ್ಲಿ ಮರುರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಫಲಿತಾಂಶ. ಒಂದೇ ಪ್ರದೇಶದ ಪ್ರೋಗ್ರಾಂಗಳು ಬಹುಪಾಲು ಅದೇ ಅಭ್ಯರ್ಥಿಗಳನ್ನು ಕರೆದು ಮಾತಾಡಿಸಿರುತ್ತವೆ. ಹಾಗಾಗಿ ಪಕ್ಕದ ಆಸ್ಪತ್ರೆಯ ಡೈರೆಕ್ಟರ್ ವರ್ಷದಲ್ಲಿ ಕೆಲವು ತಿಂಗಳು ನಮ್ಮ ನೇರ ಸ್ಪರ್ಧಿ. 2024ರ ಮ್ಯಾಚ್‌ನಲ್ಲಿ ಪೀಡಿಯಾಟ್ರಿಕ್ಸ್‌ನ ಸುಮಾರು 92% ಸ್ಥಾನಗಳಷ್ಟೇ ಭರ್ತಿಯಾದವು. ಹಿಂದಿನ ವರ್ಷ ಅದು ಸುಮಾರು 97% ಇತ್ತು. ಖಾಲಿ ಉಳಿದ ಸ್ಥಾನಗಳು ಸುಮಾರು 250. ಆ ವಾರ ಸೋಮವಾರ ಬೆಳಿಗ್ಗೆ ಇಮೇಲ್ ತೆರೆದು ತಮ್ಮ ಪ್ರೋಗ್ರಾಂ ಭರ್ತಿಯಾಗಿಲ್ಲ ಎಂದು ಓದಿದ ಡೈರೆಕ್ಟರ್‌ಗಳ ಸಂಕಟ ನನಗೆ ಗೊತ್ತು. ಶುಕ್ರವಾರದೊಳಗೆ ಉಳಿದ ಸ್ಥಾನ ತುಂಬಬೇಕು, ಅದೂ ಅಲ್ಲಿಯವರೆಗೆ ಮುಖ ನೋಡದವರಿಂದ.

ಸಭೆಯಲ್ಲಿ ಬಾಯಿಬಿಟ್ಟು ಮಾತಾಡಬಾರದ ವಿಷಯವೂ ಒಂದಿದೆ. 2002ರಲ್ಲಿ ಕೆಲವು ವೈದ್ಯರು ಕೋರ್ಟಿಗೆ ಹೋದರು. ಮ್ಯಾಚ್ ಪದ್ಧತಿಯಿಂದಾಗಿ ರೆಸಿಡೆಂಟ್‌ಗಳ ಸಂಬಳವನ್ನು ಎಲ್ಲರೂ ಸೇರಿ ಕೆಳಗೇ ಹಿಡಿದಿಟ್ಟಿದ್ದಾರೆ ಎಂಬುದು ಅವರ ವಾದ. 2004ರಲ್ಲಿ ಅಮೆರಿಕದ ಸಂಸತ್ತು ಮ್ಯಾಚ್‌ಗೆ ಕಾನೂನಿನ ರಕ್ಷಣೆ ಕೊಟ್ಟಿತು, ಆದರೆ ಸಂಬಳವನ್ನು ಕೂಡಿ ನಿಗದಿ ಮಾಡಿಕೊಳ್ಳುವುದಕ್ಕೆ ಆ ರಕ್ಷಣೆ ಇಲ್ಲ. ಅದರಿಂದ ನಾಲ್ಕು ಜನ ಡೈರೆಕ್ಟರ್‌ಗಳು ಒಂದು ಮೇಜಿನ ಸುತ್ತ ಕೂತಾಗ ಸಂಬಳದ ಮಾತು ಬಂದರೆ ಯಾರಾದರೊಬ್ಬರು ಅಲ್ಲಿಗೇ ತಡೆಯುತ್ತಾರೆ. ಸರಿಯಾದ ಎಚ್ಚರಿಕೆಯೇ ಅದು. ಆದರೆ ಆ ಭಯ ಬೇರೆ ಮಾತುಗಳಿಗೂ ಹಬ್ಬಿಕೊಂಡಿರುವುದನ್ನು ನೋಡಿದ್ದೇನೆ. ಪಾಠಕ್ರಮ ಹಂಚಿಕೊಳ್ಳಲು, ಕಷ್ಟದಲ್ಲಿರುವ ರೆಸಿಡೆಂಟ್‌ಗೆ ಹೇಗೆ ನೆರವಾಗಬೇಕೆಂದು ಕೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಅಸೋಸಿಯೇಶನ್ ಆಫ್ ಪೀಡಿಯಾಟ್ರಿಕ್ ಪ್ರೋಗ್ರಾಂ ಡೈರೆಕ್ಟರ್ಸ್ ಎಂಬ ನಮ್ಮ ಸಂಘ ದೇಶವನ್ನು ನ್ಯೂ ಇಂಗ್ಲೆಂಡ್, ಮಿಡ್-ಅಟ್ಲಾಂಟಿಕ್, ಸೌತ್‌ಈಸ್ಟ್, ಮಿಡ್‌ವೆಸ್ಟ್, ವೆಸ್ಟರ್ನ್ ಹೀಗೆ ಪ್ರದೇಶಗಳಾಗಿ ಹಂಚಿಕೊಂಡಿದೆ. ವಸಂತದಲ್ಲಿ ನಡೆಯುವ ವಾರ್ಷಿಕ ಸಮ್ಮೇಳನ ದೊಡ್ಡದು, ಅಲ್ಲಿ ಭಾಷಣ ಜಾಸ್ತಿ. ನನಗೆ ಬೇಕಾದದ್ದು ಸಿಗುವುದು ಪ್ರಾದೇಶಿಕ ಸಭೆಯಲ್ಲಿ. ಯಾವುದೋ ಆಸ್ಪತ್ರೆಯ ಕಿಟಕಿಯಿಲ್ಲದ ಕಾನ್ಫರೆನ್ಸ್ ರೂಮು, ಮೂವತ್ತು ನಲವತ್ತು ಜನ. ಡೈರೆಕ್ಟರ್‌ಗಳು, ಚೀಫ್ ರೆಸಿಡೆಂಟ್‌ಗಳು, ಕೋಆರ್ಡಿನೇಟರ್‌ಗಳು. ಈ ಕೋಆರ್ಡಿನೇಟರ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಡೈರೆಕ್ಟರ್‌ಗಳು ಬರುತ್ತಾರೆ, ಹೋಗುತ್ತಾರೆ. ಯಾವ ವರ್ಷ ಯಾವ ರೊಟೇಶನ್ (ಒಂದು ವಿಭಾಗದಲ್ಲಿ ಕೆಲವು ವಾರದ ಸರದಿ) ಏಕೆ ನಿಂತಿತು, ಯಾರ ಜತೆಗಿನ ಒಪ್ಪಂದ ಯಾವಾಗ ನವೀಕರಿಸಬೇಕು, ವೀಸಾದಲ್ಲಿರುವ ಇಂಟರ್ನ್ (ಮೊದಲ ವರ್ಷದ ರೆಸಿಡೆಂಟ್) ಜುಲೈ 1ಕ್ಕೆ ಕೆಲಸಕ್ಕೆ ಹಾಜರಾಗಬೇಕಾದರೆ ಯಾವ ಕಾಗದ ಯಾವ ಟೇಬಲ್ಲಿಗೆ ಹೋಗಬೇಕು, ಇದೆಲ್ಲ ಅವರ ತಲೆಯಲ್ಲಿರುತ್ತದೆ. ಊಟದ ಹೊತ್ತಿಗೆ ಅವರು ಒಂದು ಮೂಲೆಯಲ್ಲಿ ಸೇರಿದರೆಂದರೆ ನಾವು ಬೆಳಗಿನಿಂದ ಚರ್ಚಿಸಿದ್ದಕ್ಕಿಂತ ಹೆಚ್ಚು ಸಮಸ್ಯೆ ಅಲ್ಲಿ ಬಗೆಹರಿಯುತ್ತದೆ.

ಹೋದ ಸಭೆಗಳಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಹೊಸ ನಿಯಮಗಳು. ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ 2025ರ ಜುಲೈನಿಂದ ಪೀಡಿಯಾಟ್ರಿಕ್ಸ್‌ನ ಚೌಕಟ್ಟನ್ನೇ ಬದಲಿಸಿತು. ಮೂರು ವರ್ಷದಲ್ಲಿ ಕನಿಷ್ಠ 40 ವಾರ ಹೊರರೋಗಿ ವಿಭಾಗ, 40 ವಾರ ಒಳರೋಗಿ ವಿಭಾಗ, ಇನ್ನು 40 ವಾರ ಆ ರೆಸಿಡೆಂಟ್ ಮುಂದೆ ಏನಾಗಬೇಕೆಂದಿದ್ದಾರೋ ಅದಕ್ಕೆ ತಕ್ಕಂತೆ ರೂಪಿಸಿದ ಕಲಿಕೆ. ಮಾನಸಿಕ ಆರೋಗ್ಯಕ್ಕೂ ಅದರದೇ ಸಮಯ ಕೊಡಬೇಕು. ಸಭೆಯಲ್ಲಿ ಒಬ್ಬ ಡೈರೆಕ್ಟರ್ ತಮ್ಮ ವರ್ಷದ ವೇಳಾಪಟ್ಟಿಯನ್ನು ಪರದೆ ಮೇಲೆ ಹಾಕಿದರು. ಎಡಗಡೆ ರೆಸಿಡೆಂಟ್‌ಗಳ ಸಾಲು, ಮೇಲೆ ನಾಲ್ಕು ನಾಲ್ಕು ವಾರದ ಹದಿಮೂರು ಬ್ಲಾಕ್. ವಾರ್ಡ್ ನೀಲಿ, ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಕೆಂಪು, ಕ್ಲಿನಿಕ್ ಹಸಿರು, ರಾತ್ರಿ ಪಾಳಿ ಬೂದು. ನಡುನಡುವೆ ಬಿಳಿ ಚೌಕಗಳು. "ಈ ಬಿಳಿ ಚೌಕಗಳಲ್ಲಿ ಮಾನಸಿಕ ಆರೋಗ್ಯ ಬರಬೇಕು. ನಮ್ಮಲ್ಲಿ ಮಕ್ಕಳ ಮನೋವೈದ್ಯರು ಒಬ್ಬರೂ ಇಲ್ಲ" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಏಕೆಂದರೆ ಅಲ್ಲಿದ್ದ ಅರ್ಧದಷ್ಟು ಜನರ ಸ್ಥಿತಿ ಅದೇ.

ಆಮೇಲೆ ಬಂದ ಮಾತುಗಳು ನನಗೆ ಮುಖ್ಯ. ಇನ್ನೊಬ್ಬರು ಹೇಳಿದರು: ನಮ್ಮಲ್ಲಿ ಮನೋವೈದ್ಯರ ತಂಡವಿದೆ, ಈಟಿಂಗ್ ಡಿಸಾರ್ಡರ್ (ಊಟ ಬಿಡುವುದು, ಅತಿಯಾಗಿ ತಿನ್ನುವುದು ಮುಂತಾದ ಮಾನಸಿಕ ಕಾಯಿಲೆ) ವಾರ್ಡ್ ಇದೆ, ಆದರೆ ಸಾಮಾನ್ಯ ಕ್ಲಿನಿಕ್‌ಗೆ ಆತಂಕ, ನಿದ್ರಾಹೀನತೆ ಎಂದು ಬರುವ ಹದಿಹರೆಯದವರನ್ನು ನಮ್ಮ ರೆಸಿಡೆಂಟ್‌ಗಳು ಸಾಕಷ್ಟು ನೋಡುತ್ತಿಲ್ಲ, ಎಲ್ಲರೂ ನೇರವಾಗಿ ತಜ್ಞರ ಬಳಿಗೇ ಹೋಗುತ್ತಾರೆ. ಒಬ್ಬರ ಬಳಿ ತಜ್ಞರಿದ್ದಾರೆ, ಮತ್ತೊಬ್ಬರ ಬಳಿ ರೋಗಿಗಳಿದ್ದಾರೆ. ಅಂದು ಹುಟ್ಟಿಕೊಂಡ ವಿಚಾರ ತೀರಾ ಸರಳ: ತಿಂಗಳಿಗೊಮ್ಮೆ ಆನ್‌ಲೈನ್ ಕೇಸ್ ಕಾನ್ಫರೆನ್ಸ್, ಚಿಕ್ಕ ಕ್ಲಿನಿಕ್‌ನ ರೆಸಿಡೆಂಟ್ ತಮ್ಮ ರೋಗಿಯ ವಿಷಯ ಮಂಡಿಸುವುದು, ದೊಡ್ಡ ಆಸ್ಪತ್ರೆಯ ಮನೋವೈದ್ಯರು ಜತೆಗೆ ಕೂತು ಯೋಚಿಸುವುದು, ಉಳಿದವರೆಲ್ಲ ಕೇಳಿಸಿಕೊಳ್ಳುವುದು. ಖಿನ್ನತೆ, ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆ ಯಾವಾಗ ಶುರು ಮಾಡಬೇಕು, ಆತ್ಮಹತ್ಯೆಯ ಯೋಚನೆಯ ಬಗ್ಗೆ ಹುಡುಗಿಯನ್ನು ತಾಯಿಯ ಮುಂದೆ ಕೇಳಬೇಕೋ ತಾಯಿಯನ್ನು ಹೊರಗೆ ಕೂರಿಸಿ ಕೇಳಬೇಕೋ, ಎರಡು ವಾರ ಬಿಟ್ಟು ಫೋನ್ ಮಾಡುವವರು ಯಾರು. ಪುಸ್ತಕ ಓದಿ ಇದೆಲ್ಲ ಬರುವುದಿಲ್ಲ. ಅನುಭವವಿರುವವರು ಹೇಗೆ ಹಿಂದೆಮುಂದೆ ನೋಡುತ್ತಾರೆ ಎಂಬುದನ್ನು ಕೇಳಿಸಿಕೊಂಡೇ ಕಲಿಯಬೇಕು.

ಇದೇ ಬಗೆಯಲ್ಲಿ ಮೊದಲು ಹೇಳಿದ ಉಬ್ಬಸದ ಮಗುವಿಗೂ ಒಂದು ದಾರಿ ಇದೆ ಎಂದು ನಾನು ಪ್ರತಿ ಸಭೆಯಲ್ಲೂ ವಾದಿಸುತ್ತೇನೆ. ಮಗುವನ್ನು ಬರಮಾಡಿಕೊಂಡ ರೆಸಿಡೆಂಟ್ ಮರುದಿನ, ಕಳುಹಿಸಿಕೊಟ್ಟ ರೆಸಿಡೆಂಟ್‌ಗೆ ಆಸ್ಪತ್ರೆಯ ಲೈನ್‌ನಲ್ಲೇ ಒಂದು ಫೋನ್ ಮಾಡಬೇಕು. ಐದು ನಿಮಿಷದ ಮಾತು. ನೀವು ಕೊಟ್ಟದ್ದು ಸರಿಯಿತ್ತು, ಇಷ್ಟು ಹೊತ್ತಿಗೆ ಮುಂಚೆಯೇ ಕರೆದಿದ್ದರೆ ಇನ್ನೂ ಚೆನ್ನಾಗಿತ್ತು, ಮಗು ಈಗ ಹೀಗಿದೆ. ಕೇಳಿದವರಿಗೆ ತಮ್ಮ ನಿರ್ಧಾರದ ಫಲ ತಿಳಿಯುತ್ತದೆ. ಹೇಳಿದವರಿಗೆ, ತಮ್ಮಲ್ಲಿರುವ ಅರ್ಧದಷ್ಟು ಸೌಲಭ್ಯವೂ ಇಲ್ಲದ ಕಡೆ ಒಬ್ಬರೇ ನಿಂತು ನಿರ್ಧರಿಸುವುದೆಂದರೆ ಏನು ಎಂಬುದು ಅರಿವಾಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ "ಹೊರಗಿನವರು ಕಳಿಸಿದ ಕೇಸ್" ಎಂದು ಮೂಗು ಮುರಿಯುವ ಚಾಳಿ ಇದೆ. ನನಗೆ ಅದು ಸಹಿಸಲಾಗದ್ದು. ಆ ಚಾಳಿ ಹೋಗಬೇಕಾದರೆ ಕಳಿಸಿದವರ ದನಿ ಕಿವಿಗೆ ಬೀಳಬೇಕು.

ಪ್ರಾದೇಶಿಕ ಸಭೆಗಳಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಹೊತ್ತು ಇನ್ನೊಂದಿದೆ. ಮಧ್ಯಾಹ್ನದ ಮೇಲೆ ಬಾಗಿಲು ಮುಚ್ಚಿಕೊಂಡು, ಹೆಸರು ಹೇಳದೆ, ಕಷ್ಟದಲ್ಲಿರುವ ರೆಸಿಡೆಂಟ್‌ಗಳ ಬಗ್ಗೆ ಮಾತಾಡುವ ಹೊತ್ತು. ಪ್ರತಿ ಪ್ರೋಗ್ರಾಂನಲ್ಲೂ ಒಂದು ಸಮಿತಿ ಇರುತ್ತದೆ. ಆರು ತಿಂಗಳಿಗೊಮ್ಮೆ ಕೂತು ಮೈಲ್‌ಸ್ಟೋನ್ ಎಂಬ ಕಲಿಕೆಯ ಹಂತಗಳ ಅಳತೆಯಲ್ಲಿ ಒಬ್ಬೊಬ್ಬರೂ ಎಲ್ಲಿದ್ದಾರೆ ಎಂದು ಗುರುತು ಹಾಕುತ್ತದೆ. ಬಹುಪಾಲು ರೆಸಿಡೆಂಟ್‌ಗಳ ಬಗ್ಗೆ ಹತ್ತು ನಿಮಿಷ ಸಾಕು. ಯಾರೋ ಒಬ್ಬರ ಬಗ್ಗೆ ಒಂದು ಗಂಟೆ ಕೂತರೂ ಮುಗಿಯುವುದಿಲ್ಲ. ಚಿಕ್ಕ ಪ್ರೋಗ್ರಾಂನ ಡೈರೆಕ್ಟರ್‌ಗೆ ಇಂಥ ಪರಿಸ್ಥಿತಿ ಕೆಲವು ವರ್ಷಕ್ಕೊಮ್ಮೆ ಬರುವಂಥದ್ದು, ಹಾಗಾಗಿ ಪ್ರತಿ ಸಲವೂ ಅದು ಮೊದಲ ಸಲವೇ. ಹತ್ತು ಪ್ರೋಗ್ರಾಂ ಸೇರಿದರೆ ಅದು ಪರಿಚಿತ ವಿಷಯವಾಗುತ್ತದೆ.

ಒಮ್ಮೆ ಒಬ್ಬರು ಹೀಗೆ ವಿವರಿಸಿದರು. ಎರಡನೆಯ ವರ್ಷದ ರೆಸಿಡೆಂಟ್. ಓದಿದ್ದಾರೆ, ಪರೀಕ್ಷೆಯಲ್ಲಿ ಅಂಕ ಚೆನ್ನಾಗಿದೆ, ರೋಗಿಗಳ ಮನೆಯವರ ಜತೆ ಮಾತು ಮೃದು. ರಾತ್ರಿ ಪಾಳಿಯಲ್ಲಿ ಮಾತ್ರ ನಿರ್ಧಾರ ತೆಗೆದುಕೊಳ್ಳಲಾಗುವುದಿಲ್ಲ. ನರ್ಸ್ ಎರಡು ಸಲ ಕರೆದರೂ ಮತ್ತೊಂದು ಲ್ಯಾಬ್ ರಿಪೋರ್ಟ್ ಬರಲಿ ಎನ್ನುತ್ತಾರೆ. ಸಭೆಯಲ್ಲಿದ್ದವರು ಒಂದೊಂದೇ ಪ್ರಶ್ನೆ ಹಾಕಿದರು. ಇದು ಯಾವಾಗಿನಿಂದ? ಹಗಲಿನಲ್ಲಿ ಅಟೆಂಡಿಂಗ್ (ಮೇಲ್ವಿಚಾರಣೆಯ ಹಿರಿಯ ವೈದ್ಯರು) ಪಕ್ಕದಲ್ಲಿದ್ದಾಗ ಹೇಗೆ? ನಿದ್ರೆ ಹೇಗಿದೆ, ಮನೆಯಲ್ಲಿ ಏನಾದರೂ ಆಗಿದೆಯೇ, ಖಿನ್ನತೆಯ ಬಗ್ಗೆ ಯಾರಾದರೂ ಕೇಳಿದ್ದೀರಾ? ಹಿರಿಯ ಡೈರೆಕ್ಟರ್ ಒಬ್ಬರು, "ಅವರು ಯಾವ ಮಗುವಿನ ವಿಷಯದಲ್ಲಿ ಹೆದರಿದ್ದಾರೆ ಎಂದು ಕೇಳಿ ನೋಡಿ. ಹೆಚ್ಚಿನ ಸಲ ಒಂದು ಮಗು ಇರುತ್ತದೆ" ಎಂದರು. ಅದನ್ನು ಕೇಳಿಸಿಕೊಂಡ ಡೈರೆಕ್ಟರ್ ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು. ಇಂಥ ಪ್ರಶ್ನೆ ಯಾವ ಮೌಲ್ಯಮಾಪನದ ಫಾರ್ಮಿನಲ್ಲೂ ಇಲ್ಲ. ಪೀಡಿಯಾಟ್ರಿಕ್ ರೆಸಿಡೆಂಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬರ್ನ್‌ಔಟ್ ಲಕ್ಷಣಗಳಿವೆ ಎಂದು ಹಲವು ಪ್ರೋಗ್ರಾಂಗಳು ಕೂಡಿ ನಡೆಸಿದ ಸಮೀಕ್ಷೆಗಳು ತೋರಿಸಿವೆ. ಆ ಸಂಖ್ಯೆಯ ಹಿಂದೆ ಇರುವವರು ಇಂಥವರೇ.

ಪ್ರೋಗ್ರಾಂಗಳು ಕೂಡಿದರೆ ರೋಗಿಗಳಿಗೇನು ಲಾಭ ಎಂದು ಕೇಳುವವರಿಗೆ ನಾನು ಐ-ಪಾಸ್ ಅಧ್ಯಯನದ ಬಗ್ಗೆ ಹೇಳುತ್ತೇನೆ. ಪಾಳಿ ಬದಲಾಗುವಾಗ ಒಬ್ಬ ರೆಸಿಡೆಂಟ್ ಇನ್ನೊಬ್ಬರಿಗೆ ರೋಗಿಗಳ ವಿವರ ಒಪ್ಪಿಸುತ್ತಾರೆ; ತಪ್ಪುಗಳು ನುಸುಳುವುದು ಅಲ್ಲೇ. ಒಂಬತ್ತು ಆಸ್ಪತ್ರೆಗಳ ಪೀಡಿಯಾಟ್ರಿಕ್ ರೆಸಿಡೆನ್ಸಿಗಳು ಸೇರಿ ಈ ಒಪ್ಪಿಸುವಿಕೆಗೆ ಒಂದೇ ಕ್ರಮ ಹಾಕಿಕೊಂಡವು: ಮಗು ಎಷ್ಟು ಗಂಭೀರ, ಈವರೆಗಿನ ಸಾರಾಂಶ, ಮಾಡಬೇಕಾದ ಕೆಲಸ, ಹೀಗಾದರೆ ಹೀಗೆ ಮಾಡಿ ಎಂಬ ಮುನ್ಸೂಚನೆ, ಕೊನೆಗೆ ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. 10,740 ದಾಖಲಾತಿಗಳನ್ನು ನೋಡಿದಾಗ ವೈದ್ಯಕೀಯ ತಪ್ಪುಗಳು 23% ಇಳಿದಿದ್ದವು, ತಡೆಯಬಹುದಾಗಿದ್ದ ಹಾನಿ 30%. ಒಪ್ಪಿಸಲು ಹಿಡಿಯುವ ಸಮಯ ಹೆಚ್ಚಲಿಲ್ಲ. ಒಂದೇ ಆಸ್ಪತ್ರೆ ಮಾಡಿದ್ದರೆ ಅದು ಆ ಆಸ್ಪತ್ರೆಯ ರೂಢಿಯಾಗಿ ಉಳಿಯುತ್ತಿತ್ತು. ಒಂಬತ್ತು ಕಡೆ ಒಟ್ಟಿಗೆ ಆದದ್ದರಿಂದ ಇತರರೂ ನಂಬಿ ಎತ್ತಿಕೊಂಡರು.

ಆಪತ್ತು ಬಂದಾಗ ನೆರೆಹೊರೆ ಬೇಕಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ 2005ರ ಕತ್ರೀನಾ ಚಂಡಮಾರುತ. ನ್ಯೂ ಆರ್ಲಿಯನ್ಸ್ ಮುಳುಗಿದಾಗ ಟುಲೇನ್ ವೈದ್ಯಕೀಯ ಕಾಲೇಜು ಹ್ಯೂಸ್ಟನ್‌ನ ಬೇಲರ್ ಕಾಲೇಜಿನ ಆಸರೆಯಲ್ಲಿ ನಡೆಯಿತು. ಹೊಸ ಉದಾಹರಣೆ ನಾವೆಲ್ಲ ಅನುಭವಿಸಿದ ಕೋವಿಡ್. 2020ರ ವಸಂತದಲ್ಲಿ ನ್ಯೂಯಾರ್ಕ್‌ನ ಕೆಲವು ಮಕ್ಕಳ ಆಸ್ಪತ್ರೆಗಳು ದೊಡ್ಡವರನ್ನೂ ಸೇರಿಸಿಕೊಂಡವು. ಮುಂದಿನ ಚಳಿಗಾಲದಲ್ಲಿ ಹಸುಗೂಸುಗಳ ಉಸಿರಾಟಕ್ಕೆ ತೊಂದರೆ ಕೊಡುವ ಆರ್‌ಎಸ್‌ವಿ ವೈರಸ್ ಹೆಚ್ಚುಕಡಿಮೆ ಮಾಯವಾಯಿತು. ಕೇಳಲು ಸಂತೋಷದ ಸುದ್ದಿ, ಆದರೆ 2020ರ ಜುಲೈನಲ್ಲಿ ಸೇರಿದ ಇಂಟರ್ನ್‌ಗಳು ಆ ವೈರಸ್‌ನಿಂದ ಬರುವ ಬ್ರಾಂಕಿಯೊಲೈಟಿಸ್ (ಸಣ್ಣ ಶ್ವಾಸನಾಳಗಳ ಉರಿಯೂತ) ಇಲ್ಲದ ಚಳಿಗಾಲ ಕಳೆದರು. ಯಾವ ಹಸುಗೂಸಿಗೆ ಆಕ್ಸಿಜನ್ ಸಾಕು, ಯಾವುದಕ್ಕೆ ಹೈ ಫ್ಲೋ (ಮೂಗಿನ ಮೂಲಕ ರಭಸದ ಆಕ್ಸಿಜನ್) ಬೇಕು, ಯಾವುದು ಸುಸ್ತಾಗುತ್ತಿದೆ ಎಂಬುದು ನೂರಾರು ಎದೆಗೂಡು ನೋಡಿಯೇ ಬರಬೇಕಾದ ತಿಳಿವಳಿಕೆ. 2021ರ ಬೇಸಿಗೆಯಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಆರ್‌ಎಸ್‌ವಿ ಕಾಲವಲ್ಲದ ಕಾಲದಲ್ಲಿ ಎದ್ದಿತು. 2022ರ ಶರತ್ಕಾಲದಲ್ಲಿ ದೇಶದ ಮಕ್ಕಳ ಆಸ್ಪತ್ರೆಗಳೆಲ್ಲ ತುಂಬಿ ತುಳುಕಿದಾಗ, ಆ 2020ರ ಬ್ಯಾಚ್‌ನವರೇ ಮೂರನೆಯ ವರ್ಷದ ಸೀನಿಯರ್‌ಗಳಾಗಿ ವಾರ್ಡ್ ನಡೆಸುತ್ತಿದ್ದರು. ಆಗ ಡೈರೆಕ್ಟರ್‌ಗಳ ನಡುವೆ ಓಡಾಡಿದ ಫೋನ್‌ಗಳನ್ನು ಮರೆಯಲಾರೆ. ರಾತ್ರಿ ಪಾಳಿಗೆ ಎಷ್ಟು ಜನ ಹಾಕಿದ್ದೀರಿ, ಕ್ಲಿನಿಕ್‌ನಿಂದ ಎಷ್ಟು ಜನರನ್ನು ಎಳೆದಿರಿ, ವಾರಕ್ಕೆ 80 ಗಂಟೆಯ ಮಿತಿ ದಾಟದಂತೆ ಹೇಗೆ ನೋಡಿಕೊಳ್ಳುತ್ತಿದ್ದೀರಿ. ಮ್ಯಾಚ್‌ನ ಪೈಪೋಟಿ ಯಾರ ನೆನಪಲ್ಲೂ ಇರಲಿಲ್ಲ.

ಹಾಗಾದರೆ ರೆಸಿಡೆಂಟ್‌ಗಳನ್ನೇ ಒಂದಷ್ಟು ವಾರ ಅದಲುಬದಲು ಮಾಡಿಬಿಟ್ಟರೆ? ದೊಡ್ಡ ಊರಿನವರು ಪಟ್ಟಣದ ಎಮರ್ಜೆನ್ಸಿಗೆ, ಪಟ್ಟಣದವರು ದೊಡ್ಡ ಆಸ್ಪತ್ರೆಯ ಪಿಐಸಿಯುಗೆ (ಮಕ್ಕಳ ಐಸಿಯುಗೆ). ಮನಸ್ಸಿದ್ದರೂ ಇಲ್ಲಿ ದುಡ್ಡು ಅಡ್ಡ ಬರುತ್ತದೆ. ರೆಸಿಡೆಂಟ್ ತರಬೇತಿಗೆ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಕೊಡುವ ಹಣ ರೆಸಿಡೆಂಟ್ ಎಲ್ಲಿ ಕೆಲಸ ಮಾಡುತ್ತಾರೋ ಆ ಆಸ್ಪತ್ರೆಯ ಲೆಕ್ಕಕ್ಕೆ ಹೋಗುತ್ತದೆ, ಮತ್ತು 1997ರ ಕಾಯಿದೆಯಿಂದಾಗಿ ಹೆಚ್ಚಿನ ಆಸ್ಪತ್ರೆಗಳಿಗೆ ಇಂತಿಷ್ಟು ರೆಸಿಡೆಂಟ್‌ಗಳಿಗೆ ಮಾತ್ರ ಎಂಬ ಮಿತಿ ಇದೆ. ಮಕ್ಕಳ ಆಸ್ಪತ್ರೆಗಳಲ್ಲಿ ಮೆಡಿಕೇರ್ ರೋಗಿಗಳು ತೀರಾ ಕಡಿಮೆಯಾದ್ದರಿಂದ ಅವುಗಳಿಗೆ 1999ರಲ್ಲಿ ಬೇರೆಯೇ ಅನುದಾನ ಮಾಡಿದರು. ಅದಕ್ಕೆ ಸಂಸತ್ತು ವರ್ಷವರ್ಷವೂ ಹಣ ಮಂಜೂರು ಮಾಡಬೇಕು. ಇದರ ಮೇಲೆ ಇನ್ನೊಂದು ರಾಜ್ಯದ ಲೈಸೆನ್ಸ್, ಮಾಲ್‌ಪ್ರಾಕ್ಟಿಸ್ ವಿಮೆ, ಎಲೆಕ್ಟ್ರಾನಿಕ್ ದಾಖಲೆಗೆ ಪಾಸ್‌ವರ್ಡ್, ಎರಡೂ ಸಂಸ್ಥೆಗಳ ನಡುವಿನ ಒಪ್ಪಂದ ಪತ್ರ. ನಾಲ್ಕು ವಾರದ ರೊಟೇಶನ್‌ಗೆ ಆರು ತಿಂಗಳ ಕಾಗದಪತ್ರ.

ಮಾಡಿದವರು ಇದ್ದಾರೆ. ಬೋಸ್ಟನ್‌ನಲ್ಲಿ ಎರಡು ಬೇರೆ ಬೇರೆ ಆಸ್ಪತ್ರೆಗಳು 1996ರಲ್ಲಿ ತಮ್ಮ ಪೀಡಿಯಾಟ್ರಿಕ್ ರೆಸಿಡೆನ್ಸಿಗಳನ್ನೇ ಒಂದು ಮಾಡಿಕೊಂಡವು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರೋಗ್ರಾಂನಲ್ಲಿ ಅಲಾಸ್ಕಾ ಟ್ರ್ಯಾಕ್ ಇದೆ. ಆ ರೆಸಿಡೆಂಟ್‌ಗಳು ವರ್ಷದಲ್ಲಿ ಕೆಲವು ತಿಂಗಳು ಆಂಕರೇಜ್, ಬೆಥೆಲ್‌ನಂಥ ಊರುಗಳಲ್ಲಿ ಕೆಲಸ ಮಾಡುತ್ತಾರೆ. ಬೆಥೆಲ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. ಅಲ್ಲಿಂದ ಮಗುವನ್ನು ಸಾಗಿಸುವುದೆಂದರೆ ವಿಮಾನ, ಹವಾಮಾನ ಕೆಟ್ಟರೆ ಕಾಯಬೇಕು. ಅಲ್ಲಿ ನಿಂತು ಕಲಿತವರು ಸಿಯಾಟಲ್‌ನ ಐಸಿಯುನಲ್ಲಿ ಫೋನ್ ಎತ್ತಿದಾಗ ಬೇರೆಯೇ ಪ್ರಶ್ನೆ ಕೇಳುತ್ತಾರೆಂದು ನಾನು ನಂಬುತ್ತೇನೆ: ನಿಮ್ಮಲ್ಲಿ ಈಗ ಏನೇನಿದೆ, ವಿಮಾನ ಬರುವವರೆಗೆ ನಾವಿಬ್ಬರೂ ಸೇರಿ ಏನು ಮಾಡೋಣ?

ನಮ್ಮ ಪ್ರದೇಶದಲ್ಲಿ ಮನೋವೈದ್ಯರ ಜತೆಗಿನ ಕೇಸ್ ಕಾನ್ಫರೆನ್ಸ್ ನಡೆಯುತ್ತಿದೆ, ಅದಕ್ಕೆ ಖರ್ಚಿಲ್ಲ. ಮರುದಿನದ ಫೋನ್ ಎರಡು ಪ್ರೋಗ್ರಾಂಗಳ ನಡುವೆ ಶುರುವಾಗಿದೆ, ಚೀಫ್ ರೆಸಿಡೆಂಟ್‌ಗಳೇ ಮುಂದೆ ನಿಂತು ನಡೆಸುತ್ತಿದ್ದಾರೆ. ಅದಲುಬದಲು ರೊಟೇಶನ್‌ನ ಕಡತ ಹಣಕಾಸು ವಿಭಾಗದಲ್ಲಿದೆ. ಮುಂದಿನ ಸಭೆಗೆ ಡೈರೆಕ್ಟರ್‌ಗಳ ಜತೆ ಆ ವಿಭಾಗದವರೂ ಒಬ್ಬೊಬ್ಬರು ಬರಲಿ ಎಂದು ಕೇಳಿದ್ದೇನೆ. ಈಗಾಗಲೇ ಮೂರು ಆಸ್ಪತ್ರೆಯವರು ಬರುತ್ತೇವೆ ಎಂದಿದ್ದಾರೆ, ಉಳಿದವರನ್ನು ಒಪ್ಪಿಸುವ ಹೊಣೆ ಕೋಆರ್ಡಿನೇಟರ್‌ಗಳು ಹೊತ್ತಿದ್ದಾರೆ.